ಇಲ್ಲದ ಕೋಣೆಯ ದನಿ

“ಮೈಯೆಲ್ಲ ಒದ್ದೆಯಾಗಿದೆ, ಮೆರ್. ಬಾಗಿಲು ತೆಗಿ. ಟೀ ಇಡು.”

ದನಿ ಅಷ್ಟಕ್ಕೇ ನಿಂತಿತು. ಆಮೇಲೆ ಒಂದು ಕೆಮ್ಮು. ಆಮೇಲೆ ಚಿಲಕ ಸರಿದ ಸದ್ದು. ಅದಾದ ಮೇಲೆ ಬರೀ ಎಂಜಿನ್ನಿನ ಗುರುಗುರು.

ಸಾರ್ಜೆಂಟ್ ಕಾಲಿನ್ ಸ್ಪ್ರೌಲ್ ಕೈಯಲ್ಲಿದ್ದ ಸ್ಯಾಂಡ್‌ವಿಚ್ಚನ್ನು ಕಾಗದದ ಮೇಲೆ ಇಟ್ಟುಬಿಟ್ಟ. ಅವನು ಅರ್ಧ ತಿಂದದ್ದನ್ನು ಕೆಳಗಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಇನ್ನೊಂದ್ಸಲ ಹಾಕ್ಲಾ?”

“ಬೇಡ ಮಾರಾಯ್ತಿ. ಮುಳುಗಿದೋನು ಟೀ ಕೇಳೋದನ್ನ ಊಟದ ಹೊತ್ತಲ್ಲಿ ಎಷ್ಟು ಸಲ ಅಂತ ಕೇಳೋದು?”

ಗ್ಯಾವಿನ್ ಡೈರೀನ್ ಟಾಸ್ಮನ್ ದ್ವೀಪದ ಹತ್ತಿರ, ಸೀಗಡಿ ಜಾತಿಯ ಜೀವಿಗಳನ್ನು ಹಿಡಿಯುವ ತನ್ನ ಲಾಬ್‌ಸ್ಟರ್ ದೋಣಿಯಿಂದ ಬಿದ್ದು ಕಾಣೆಯಾಗಿದ್ದ. ದೋಣಿಯಲ್ಲಿದ್ದ ಇನ್ನೊಂದು ಜೀವ ಅವನ ತಂಗಿ ಮೆರಿನ್. ಅವಳು “ಅಣ್ಣ ನೀರಿಗೆ ಬಿದ್ದ” ಎಂದು ರೇಡಿಯೋದಲ್ಲಿ ಕೂಗಿಕೊಂಡ ಮೇಲೆ, ಚುಕ್ಕಾಣಿ ಕೋಣೆಯ ರೆಕಾರ್ಡರಿನಲ್ಲಿ ಈ ದನಿ ದಾಖಲಾಗಿತ್ತು.

ಕಾಲಿನ್‌ನ ಲೆಕ್ಕಾಚಾರ ಸರಳ. ಬಿದ್ದವನು ಹೇಗೋ ಹತ್ತಿ ವಾಪಸು ಬಂದ. ಬಾಗಿಲು ತೆಗಿ ಎಂದ. ಅವಳು ಒಳಗಿನಿಂದ ಚಿಲಕ ಹಾಕಿದಳು. ಆಮೇಲೆ ಹೊರಗೆ ಬಂದು ಮತ್ತೆ ನೂಕಿದಳು. ದೋಣಿ, ಲೈಸೆನ್ಸು ಎರಡೂ ಈಗ ಅವಳದ್ದೇ. ನಾಳೆ ಬೆಳಿಗ್ಗೆ ಮರಣ ವಿಚಾರಣೆಯ ಮ್ಯಾಜಿಸ್ಟ್ರೇಟ್ ಈ ರೆಕಾರ್ಡಿಂಗ್ ಕೇಳುತ್ತಾರೆ, ನಾಳೆ ಸಂಜೆ ಮೆರಿನ್ ಒಳಗೆ ಹೋಗುತ್ತಾಳೆ.

“ನೀನು ಅವಳ ಗೆಳತಿ ಅಂತ ನಂಗೊತ್ತು, ಉನಾ,” ಎಂದ. “ಆದ್ರೆ ಹೋಬಾರ್ಟಲ್ಲಿ ಒಬ್ರಿಗೊಬ್ರು ಗೊತ್ತಿಲ್ದೇ ಇರೋ ತಜ್ಞರನ್ನ ಹುಡುಕ್ಬೇಕಂದ್ರೆ ವಿಮಾನ ಹತ್ಬೇಕು. ಈ ರೆಕಾರ್ಡರ್ ಪೆಟ್ಟಿಗೆ ಸುಳ್ಳು ಹೇಳ್ತಿದೆಯೋ ಇಲ್ವೋ, ಅಷ್ಟು ನೋಡು.”

ಗೆಳತಿ ಎಂದರೆ ಸಾಲದು. ನನ್ನ ಗಂಡ ತೀರಿಕೊಂಡ ವರ್ಷ, ಚಳಿಗಾಲ ಪೂರ್ತಿ, ಮೆರಿನ್ ಭಾನುವಾರ ಬಂದು ಒಂದು ಮಾತೂ ಆಡದೆ ನನ್ನ ಸೌದೆ ಒಡೆದಿಟ್ಟು ಹೋಗುತ್ತಿದ್ದಳು. ಸಮಾಧಾನ ಹೇಳಲು ಬಂದವರೆಲ್ಲ ನನಗೆ ಮರೆತುಹೋಗಿದ್ದಾರೆ. ಅವಳು ಕೊಲೆಗಾತಿ ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಬರುವುದು ಸಿಟ್ಟು.

ಸಿಟ್ಟಿನಲ್ಲೇ ಕೇಳಿದೆ: “ರೇಡಿಯೋ ಕರೆಗೆ ಮುಂಚಿನ ಭಾಗ ನಿಮ್ಮಲ್ಲಿ ಯಾರಾದ್ರೂ ಕೇಳಿದ್ದೀರಾ?”

“ಯಾಕೆ? ಬೀಳೋಕ್ ಮುಂಚೆ ಮಾತಾಡೋದೇನೂ ಅಪರಾಧ ಅಲ್ವಲ್ಲ.”

ಹಿಂದಕ್ಕೆ ಹೋದೆ. ಎಂಜಿನ್ನು, ಕಡಲಹಕ್ಕಿ, ಹಗ್ಗ ಎಳೆಯುವ ಯಂತ್ರದ ಕಿರುಚಾಟ. ನನ್ನ ಮನೆಯ ಕಿಟಕಿಯಾಚೆ ಬೆಟ್ಟದ ಮೇಲೆ ಹಿಮ ಬಿದ್ದಿತ್ತು. ಕಾಲಿನ್ ಅದನ್ನು ನೋಡುತ್ತ ಮತ್ತೆ ಸ್ಯಾಂಡ್‌ವಿಚ್ಚಿಗೆ ಕೈ ಹಾಕಿದ.

“ಮೈಯೆಲ್ಲ ಒದ್ದೆಯಾಗಿದೆ, ಮೆರ್. ಬಾಗಿಲು ತೆಗಿ. ಟೀ ಇಡು.”

ಕೆಮ್ಮು. ಚಿಲಕ. ಗುರುಗುರು.

“ತಪ್ಪು ಜಾಗ ಒತ್ತಿದೆ ನೀನು,” ಎಂದ ಕಾಲಿನ್. ಅವನ ದನಿ ಸಣ್ಣಗಾಗಿತ್ತು.

“ಇಲ್ಲ. ಇದು ಕರೆಗೆ ಮುಂಚಿಂದು.”

ಎರಡನ್ನೂ ಪರದೆಯ ಮೇಲೆ ಒಂದರ ಮೇಲೊಂದು ಇಟ್ಟು ನೋಡಿದೆ. ಮನುಷ್ಯ ಒಂದೇ ಮಾತನ್ನು ಎರಡು ಸಲ ಹೇಳಬಹುದು. ಒಂದೇ ಕೆಮ್ಮನ್ನು ಎರಡು ಸಲ ಕೆಮ್ಮಲಾರ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಬದುಕಿದ್ದಾಗ ಎಳೆದುಕೊಂಡ ಉಸಿರನ್ನೇ ಅವನು ಸತ್ತಮೇಲೂ ಎಳೆದುಕೊಂಡಿದ್ದ.

ಮುಂದಕ್ಕೆ ಹೋದೆ, ರೆಕಾರ್ಡಿಂಗ್ ಮುಗಿದ ಜಾಗಕ್ಕೂ ಆಚೆ. ರಕ್ಷಣಾ ದೋಣಿಯವರು ಬಂದು ವಿದ್ಯುತ್ ಕಿತ್ತ ಮೇಲೆ ಪೆಟ್ಟಿಗೆ ಏನನ್ನೂ ಬರೆದಿಲ್ಲ. ಅಲ್ಲಿ ಇರಬೇಕಾದದ್ದು ಬರೀ ಮೌನ.

ಅಲ್ಲಿ ಮೆರಿನ್ ಕೂಗುತ್ತಿದ್ದಳು. “ಯಾರಾದ್ರೂ ಬನ್ನಿ! ನಮ್ಮಣ್ಣ ನೀರಿಗೆ ಬಿದ್ದ! ಯಾರಾದ್ರೂ...”

ಕಾಲಿನ್ ಎದ್ದು ನಿಂತ. “ಈ ಕರೆ ಮೊದಲೇ ಆಗಿದ್ದು. ವಿದ್ಯುತ್ ಕಿತ್ತಾಗ ಅವಳು ಕಂಬಳಿ ಹೊದ್ಕೊಂಡು ನನ್ ಪಕ್ಕದಲ್ಲಿ ಕೂತಿದ್ಲು, ಉನಾ. ಬಾಯೇ ಬಿಟ್ಟಿರ್ಲಿಲ್ಲ. ಆರಿಸು ಅದನ್ನ.”

ಆರಿಸಿದೆ. ಸ್ಕ್ರೂಡ್ರೈವರ್ ತೆಗೆದುಕೊಂಡು ಪೆಟ್ಟಿಗೆಯ ಮುಚ್ಚಳ ಬಿಚ್ಚಿದೆ.

ಒಳಗಿನ ಬೋರ್ಡಿನ ಮೇಲೆ ಧ್ವನಿ ಹಿಡಿದಿಡುವ ಮೆಮರಿ ಚಿಪ್ಪು ಒಂದಿತ್ತು. ಅದರ ಪಕ್ಕದಲ್ಲಿ ಅಷ್ಟೇ ದೊಡ್ಡ ಖಾಲಿ ಜಾಗ. ಬೆಸುಗೆ ಹಾಕಲು ಗುರುತುಗಳಿದ್ದವು, ಚಿಪ್ಪು ಇರಲಿಲ್ಲ. ಆ ಖಾಲಿ ಜಾಗವನ್ನು ಕಂಡದ್ದೇ ತಡ, ನಾನು ಜೋರಾಗಿ ನಕ್ಕುಬಿಟ್ಟೆ. ಕಾಲಿನ್ ನನಗೆ ತಲೆಕೆಟ್ಟಿತು ಎಂದುಕೊಂಡಿರಬೇಕು.

“ಕೂತ್ಕೋ,” ಎಂದೆ. “ದೆವ್ವ ಅಲ್ಲ. ಸೋಮಾರಿತನ.”

ನಿವೃತ್ತಿಗೆ ಮೊದಲು ನಾನು ವರ್ಷಗಟ್ಟಲೆ ಮಾಡಿದ್ದು ಇದೇ ಕೆಲಸ. ಯಂತ್ರದೊಳಗೆ ಏನೇನಿದೆ ಎಂದು ಕರ್ನಲ್‌ಗೆ ತಿಳಿಸುವ ಬರಹಗಳನ್ನು ತಿದ್ದುವುದು. ಕರ್ನಲ್ ಎಂದರೆ ಯಂತ್ರವನ್ನು ಆಳುವ ಮೂಲ ತಂತ್ರಾಂಶ. ಪೆನ್ ಡ್ರೈವ್ ಚುಚ್ಚಿದರೆ ಅದು ನೀನ್ಯಾರು ಎಂದು ಕೇಳುತ್ತದೆ, ಉತ್ತರ ಬರುತ್ತದೆ. ಮೆಮರಿ ಬಸ್ಸಿಗೆ, ಅಂದರೆ ಮಾಹಿತಿ ಸಾಗಿಸುವ ತಂತಿಗಳಿಗೆ, ನೇರ ಕಟ್ಟಿದ ಚಿಪ್ಪಿಗೆ ಹೆಸರು ಹೇಳಿಕೊಳ್ಳುವ ಬಾಯಿಯಿಲ್ಲ. ಯಾವ ವಿಳಾಸದಲ್ಲಿದೆ, ಎಷ್ಟು ದೊಡ್ಡದು, ಉತ್ತರಕ್ಕೆ ಎಷ್ಟು ಕಾಯಬೇಕು, ಇಷ್ಟನ್ನೂ ಮನುಷ್ಯರೇ ಬರೆದು ಕೊಡಬೇಕು. ಡಿವೈಸ್ ಟ್ರೀ ಎನ್ನುವುದು ಆ ಬರಹವನ್ನೇ. ಕರ್ನಲ್ ಅದನ್ನು ಕಣ್ಣುಮುಚ್ಚಿ ನಂಬುತ್ತದೆ. ಹೋಗಿ ಮುಟ್ಟಿ ನೋಡುವ ಚಾಳಿ ಅದಕ್ಕಿಲ್ಲ.

“ಬರೆದೋನು ಎರಡು ಚಿಪ್ಪಿದೆ ಅಂತ ಬರೆದಿದ್ದಾನೆ,” ಎಂದು ಕಾಲಿನ್‌ಗೆ ಹೇಳಿದೆ. “ಇರೋದು ಒಂದು. ಎರಡನೇದನ್ನ ಬೇರೆಯಾಗಿ ಗುರುತಿಸೋ ತಂತಿ ಎಲ್ಲಿಗೂ ಹೋಗಿಲ್ಲ. ಎರಡನೇದನ್ನ ಕರೆದ್ರೂ ಮೊದಲನೇದೇ ಓಗೊಡುತ್ತೆ.”

“ಅಂದ್ರೆ?”

“ಒಂದೇ ಕೋಣೆ, ಎರಡು ಬಾಗಿಲು. ಕರ್ನಲ್ ಎರಡು ಕೋಣೆ ಇದೆ ಅಂದ್ಕೊಂಡಿದೆ. ಮುಂಚೆ ಆಡಿದ ಮಾತೇ ಆಮೇಲಿನ ಬಾಗಿಲಲ್ಲೂ ಕೇಳಿಸ್ತಿದೆ.”

“ಹಾಗಾದ್ರೆ ಕರೆ ಆದ್ಮೇಲೆ ಗ್ಯಾವಿನ್ ಮಾತಾಡೇ ಇಲ್ಲ?”

“ಲಾಬ್‌ಸ್ಟರ್ ಹಿಡಿಯೋ ಬೋನು ಎಳೀತಾ ಒದ್ದೆಯಾಗಿದ್ದಾನೆ, ಟೀ ಕೇಳಿದ್ದಾನೆ, ಕುಡಿದಿದ್ದಾನೆ, ಆಮೇಲೆ ಬಿದ್ದಿದ್ದಾನೆ. ಅಷ್ಟೇ ಕಥೆ.”

ಕಾಲಿನ್ ತಲೆ ಕೆರೆದುಕೊಂಡ. ಅವನು ಕೆಟ್ಟವನಲ್ಲ, ತನ್ನ ಕೇಸು ಕುಸಿದದ್ದಕ್ಕೆ ಅವನಿಗೂ ಒಳಗೊಳಗೇ ಹಗುರವಾದಂತಿತ್ತು. “ಇದೇ ಥರದ ಇನ್ನೊಂದು ಪೆಟ್ಟಿಗೆ ಮೇಲೆ ಮಾಡಿ ತೋರ್ಸಿ, ಒಂದು ಸಹಿ ಹಾಕ್ಕೊಡು. ಮ್ಯಾಜಿಸ್ಟ್ರೇಟ್‌ಗೆ ನಾನೇ ಈಗಲೇ ಹೇಳ್ತೀನಿ,” ಎಂದು ಹೊರಟ.

ಅವನ ಕಾರು ತಿರುವು ದಾಟುವ ಮುಂಚೆಯೇ ನಾನು ಮೆರಿನ್‌ಗೆ ಫೋನ್ ಮಾಡಿದ್ದೆ. ಮಾಡಬಾರದಿತ್ತು. ತಡೆದುಕೊಳ್ಳಲಾಗಲಿಲ್ಲ.

“ಆ ದನಿ ಕರೆಗೆ ಮುಂಚಿಂದು, ಮೆರ್. ನೀನು ಬಚಾವಾದೆ.”

“ಮುಂಚಿಂದಾ? ಖಂಡಿತಾನಾ?”

“ಖಂಡಿತ.”

“ಆಮೇಲಿಂದಲ್ಲ? ಖಂಡಿತ ಅಲ್ಲ?”

“ಎಷ್ಟು ಸಲ ಹೇಳ್ಲಿ? ಲೀತ್ ಪೈಬಸ್ ಶೆಡ್ಡಿಗೆ ಹೋಗ್ತಿದ್ದೀನಿ, ಸಾಬೀತು ಮಾಡೋಕೆ. ನೀನೂ ಬಾ, ಕಣ್ಣಾರೆ ನೋಡು.”

ಅವಳು ಅಳತೊಡಗಿದಳು. ಜೈಲು ತಪ್ಪಿದವರು ಅಳುವುದು ಸಹಜ ಎಂದುಕೊಂಡು ಫೋನ್ ಇಟ್ಟೆ. ಆ ದನಿಯ ಬಗ್ಗೆ ಅವಳು ಪೊಲೀಸರ ಹತ್ತಿರ ಇಲ್ಲಿಯವರೆಗೂ ಬಾಯಿ ಬಿಟ್ಟಿರಲಿಲ್ಲ, ವಕೀಲರು ಬೇಡವೆಂದಿದ್ದಾರೆ ಎಂದಷ್ಟೇ ಹೇಳಿದ್ದಳು. ಮುಂಚೆ ಆಡಿದ ಮಾತಾಗಿದ್ದರೆ ಅದನ್ನೇ ಹೇಳಿಬಿಡಬಹುದಿತ್ತಲ್ಲ ಎಂದು ನನಗೆ ಹೊಳೆಯಬೇಕಿತ್ತು. ಖುಷಿಯಲ್ಲಿ ಹೊಳೆಯಲಿಲ್ಲ.

ಲೀತ್ ಪೈಬಸ್‌ನ ಶೆಡ್ಡು ಪ್ರಿನ್ಸ್ ಆಫ್ ವೇಲ್ಸ್ ಕೊಲ್ಲಿಯ ದಂಡೆಯಲ್ಲಿ, ಬಣ್ಣ ಹಚ್ಚಲು ಎಳೆದಿಟ್ಟ ದೋಣಿಗಳ ನಡುವೆ. ಈ ಭಾಗದ ನಲವತ್ತು ದೋಣಿಗಳಲ್ಲಿ ಅವನದೇ ಪೆಟ್ಟಿಗೆಗಳಿವೆ. ವಿನ್ಯಾಸವೂ ಅವನದೇ, ಕರ್ನಲ್‌ಗೆ ಕೊಟ್ಟ ವಿವರಣೆಯೂ ಅವನದೇ, ಜಂಬವೂ ಅವನದೇ. ನನ್ನನ್ನು ಕಂಡ ಕೂಡಲೇ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟ.

“ಓಹೋ, ಮಹಾತಾಯಿ ಬಂದ್ಲು. ನನ್ನ ವಿವರಣೆಯಲ್ಲಿ ಅರ್ಧವಿರಾಮ ಬಿಟ್ಟೋಗಿದೆಯಾ?”

“ಅರ್ಧವಿರಾಮ ಅಲ್ಲ. ಅರ್ಧ ಮೆಮರಿ.”

ಬೋರ್ಡಿನ ಫೋಟೋ ಮುಂದೆ ಹಿಡಿದೆ. ಅವನು ಕನ್ನಡಕ ಹಣೆಗೇರಿಸಿ ನೋಡಿದ. ಮೊದಲು ಕಿವಿ ಕೆಂಪಾಯಿತು, ಆಮೇಲೆ ಕುತ್ತಿಗೆ.

“ಇದು ಸಣ್ಣ ಬೋರ್ಡು,” ಎಂದ.

“ಹೌದು. ವಿವರಣೆ ದೊಡ್ಡದರದ್ದು. ಅಣ್ಣನ ಜಾತಕಾನೇ ತಮ್ಮನಿಗೂ ಬರೆದು ಕೊಟ್ಟಿದ್ದೀಯಲ್ಲೋ!”

“ಎಲ್ರೂ ಮಾಡೋದೇ ಹಾಗೆ, ಉನಾ. ಹತ್ತಿರದ ಬೋರ್ಡಿನ ವಿವರಣೆ ತಗೋ, ಎರಡು ಸಾಲು ತಿದ್ದು, ಕಳ್ಸು. ಯಾವೋನು ಮೊದಲಿಂದ ಬರೀತಾನೆ? ನೀನು ಬರೀತಿದ್ಯಾ?”

“ನಾನು ಆ ಎರಡು ಸಾಲನ್ನಾದ್ರೂ ತಿದ್ದುತಿದ್ದೆ.”

“ಪರೀಕ್ಷೆ ಮಾಡಿದ್ದೆ. ಎಲ್ಲ ಸರಿ ಇತ್ತು.”

“ಎಷ್ಟು ಹೊತ್ತು ಮಾಡಿದ್ದೆ? ‘ಹಲೋ ಹಲೋ’ ಅಂತ ಅಂದು ಟೀ ಕುಡಿಯೋಕೆ ಹೋಗಿರ್ತೀಯ. ಕೆಳಗಿನ ಅರ್ಧ, ಅಂದ್ರೆ ಮೊದಲನೇ ಚಿಪ್ಪಿನ ಪಾಲು, ತುಂಬೋವರೆಗೆ ಯಾರಿಗೂ ಗೊತ್ತಾಗಲ್ಲ. ನಿನ್ನ ಈ ಸೋಮಾರಿತನಕ್ಕೆ ಒಬ್ಬಳು ಹೆಣ್ಣುಮಗಳು ನಾಳೆ ಜೈಲಿಗೆ ಹೋಗೋಳಿದ್ಲು. ನಾಚಿಕೆ ಆಗಲ್ವಾ?”

ಬೈಯುವುದು ನನಗೆ ಸುಲಭವಾಗಿ ಬರುತ್ತದೆ; ಅವತ್ತು ಇನ್ನೂ ಸುಲಭವಾಗಿ ಬಂತು. ಲೀತ್ ಕಪಾಟಿನಿಂದ ಅದೇ ಬಗೆಯ ಇನ್ನೊಂದು ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟ. ವಿದ್ಯುತ್ ಕೊಟ್ಟ. ಪೆಟ್ಟಿಗೆ ಕೆಳಗಿನ ತುದಿಯಿಂದ ಬರೆಯಲು ಶುರುಮಾಡಿತು.

“ನನ್ನ ಹೆಸರು ಲೀತ್ ಪೈಬಸ್. ನಾನೊಬ್ಬ ಸೋಮಾರಿ,” ಎಂದು ಮೈಕಿನ ಮುಂದೆ ಹೇಳಿದ. ಬಳಿಕ ಬರೆಯುವ ಜಾಗವನ್ನು ಮೇಲಿನ ಅರ್ಧದ, ಅಂದರೆ ಇಲ್ಲದ ಎರಡನೇ ಚಿಪ್ಪಿನ, ಶುರುವಿಗೆ ಸರಿಸಿದ. ನನ್ನ ಕಡೆ ನೋಡಿ ಮತ್ತೆ ಬಾಗಿದ. “ಉನಾ ಕೆಟಲ್‌ವೆಲ್‌ಗೆ ಬಾಯಿ ಜಾಸ್ತಿ.”

“ಆಯ್ತಲ್ಲ, ಈಗ ಆಮೇಲಿಂದು ಹಾಕು,” ಎಂದೆ. “ಎರಡು ಬಾಗಿಲಲ್ಲೂ ಒಂದೇ ಮಾತು ಬರ್ಬೇಕು.”

ಮೇಲಿನ ಅರ್ಧ ಹಾಕಿದ. “ಉನಾ ಕೆಟಲ್‌ವೆಲ್‌ಗೆ ಬಾಯಿ ಜಾಸ್ತಿ.”

ಕೆಳಗಿನ ಅರ್ಧ ಹಾಕಿದ.

“ಉನಾ ಕೆಟಲ್‌ವೆಲ್‌ಗೆ ಬಾಯಿ ಜಾಸ್ತಿ.”

“ನೋಡಿದ್ಯಾ!” ಎಂದು ಮೇಜು ತಟ್ಟಿದೆ. “ಒಂದೇ ಮಾತು. ಸಾಬೀತಾಯ್ತು.”

ಲೀತ್ ನಗಲಿಲ್ಲ. ಮತ್ತೊಮ್ಮೆ ಹಾಕಿ ಕೇಳಿದ. ಅವನ ಮುಖದ ಕೆಂಪು ಇಳಿಯುತ್ತಿತ್ತು.

“ಉನಾ, ನಾನು ಮೊದಲು ಹೇಳಿದ್ದೇನು?”

“ನಾನೊಬ್ಬ ಸೋಮಾರಿ ಅಂತ.”

“ಅದೆಲ್ಲಿ ಹೋಯ್ತು?”

ನಾನೇ ಕೈ ಚಾಚಿ ಕೆಳಗಿನ ಅರ್ಧವನ್ನು ಇನ್ನೊಮ್ಮೆ ಹಾಕಿದೆ. ಅದೇ ಮಾತು ಬಂತು.

“ಒಂದೇ ಕೋಣೆ ಅಂದ್ಯಲ್ಲ,” ಎಂದ ಅವನು, ಈಗ ಚುಚ್ಚುವ ದನಿಯಲ್ಲಲ್ಲ, ಮೆಲ್ಲಗೆ. “ಒಂದೇ ಕೋಣೆ ಆದ್ರೆ ಆಮೇಲೆ ಬಂದೋನು ಮುಂಚೆ ಇದ್ದೋನನ್ನ ಅಳಿಸಿ ಕೂರ್ತಾನೆ. ಎರಡೂ ಬಾಗಿಲಲ್ಲಿ ಕೇಳ್ಸೋದು ಕೊನೇಲಿ ಬರೆದದ್ದು. ಗ್ಯಾವಿನ್ ಕರೆಗೆ ಮುಂಚೆ ಏನು ಮಾತಾಡಿದ್ದನೋ ಅದು ಅಳಿಸಿಹೋಗಿದೆ. ನೀನು ಕೇಳಿದ ದನಿ...”

“ಕರೆ ಆದ್ಮೇಲಿಂದು,” ಎಂದೆ.

ಮೆರಿನ್ನಳ ಕೂಗು ಉಳಿದಿದ್ದು ಕೋಣೆಯ ಕೊನೆಯಲ್ಲಿತ್ತು ಎಂಬ ಕಾರಣಕ್ಕೆ; ಎರಡನೆಯ ಸುತ್ತಿನ ಬರಹ ಅಲ್ಲಿಯವರೆಗೆ ಬರುವಷ್ಟರಲ್ಲಿ ವಿದ್ಯುತ್ ಕಿತ್ತಿದ್ದರು. ಅದರ ಹಿಂದಿನದ್ದೆಲ್ಲ ಆಮೇಲಿನದು. ನಾನು ಮೂವತ್ತು ವರ್ಷ ಬೇರೆಯವರ ತಪ್ಪು ತಿದ್ದಿದವಳು, ಇಷ್ಟನ್ನು ನೋಡಲಿಲ್ಲ. ನೋಡಲು ಇಷ್ಟವಿರಲಿಲ್ಲ, ಅದಕ್ಕೇ ನೋಡಲಿಲ್ಲ.

“ಅವತ್ತು ಕಡಲು ಅಲೆಯಿಲ್ದೆ ತಟ್ಟೆ ಥರ ಇತ್ತು,” ಎಂದ ಲೀತ್. “ನಾನೂ ಹೊರಗೆ ಹೋಗಿದ್ದೆ. ಬೋನು ಎಳೆದ್ರೆ ತೋಳು ಒದ್ದೆಯಾಗುತ್ತೆ. ಮೈಯೆಲ್ಲ ಒದ್ದೆಯಾಗ್ಬೇಕಂದ್ರೆ...”

“ಸಾಕು.”

“ಪೊಲೀಸಿಗೆ ಏನಂತೀಯ?”

ಅದನ್ನೇ ನಾನೂ ಲೆಕ್ಕ ಹಾಕುತ್ತಿದ್ದೆ. ಕಾಲಿನ್ ನನ್ನ ಮಾತನ್ನು ಒಪ್ಪಿಯಾಗಿತ್ತು. ಎರಡು ಬಾಗಿಲಲ್ಲೂ ಒಂದೇ ದನಿ ಎನ್ನುವುದನ್ನು ತೋರಿಸಿದರೆ ಮ್ಯಾಜಿಸ್ಟ್ರೇಟರೂ ಒಪ್ಪುತ್ತಾರೆ. ಯಾವುದು ಯಾವುದನ್ನು ಅಳಿಸಿತು ಎಂದು ಕೇಳುವವರು ಈ ಊರಲ್ಲಿ ಇಬ್ಬರೇ, ಇಬ್ಬರೂ ಈ ಶೆಡ್ಡಿನಲ್ಲಿದ್ದೆವು. ನಾನು ಲೀತ್‌ನ ಮುಖ ನೋಡಿದೆ. ಅವನಿಗೂ ನಲವತ್ತು ಪೆಟ್ಟಿಗೆಗಳ ಮಾನ ಉಳಿಸಿಕೊಳ್ಳುವುದಿತ್ತು. ಇಬ್ಬರೂ ಸುಮ್ಮನಿದ್ದರೆ ಯಾರೂ ಕೇಳುವುದಿಲ್ಲ.

“ಮಾತಾಡ್ಬೇಡಿ, ನಾನು ಕೇಳಿಸ್ಕೊಂಡೆ,” ಎಂದಿತು ಬೆನ್ನ ಹಿಂದಿನಿಂದ ಒಂದು ದನಿ.

ಮೆರಿನ್ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬೇಕರಿಯ ಚೀಲ. ನಮ್ಮಿಬ್ಬರಿಗೂ ಕಡಲ ಚಿಪ್ಪಿನ ಮಾಂಸ ತುಂಬಿದ ಸ್ಕ್ಯಾಲಪ್ ಪೈ ತಂದಿದ್ದಳು. ಬಿಸಿ ಪೈಗಳಿಂದ ಚೀಲದ ತಳ ಎಣ್ಣೆಯಾಗಿತ್ತು. ಅದನ್ನು ನಿಧಾನವಾಗಿ ಮೇಜಿನ ಮೇಲಿಟ್ಟಳು.

“ಎಷ್ಟು ಕೇಳಿಸ್ಕೊಂಡೆ?”

“ಕೊನೇಲಿ ಬರೆದದ್ದು ಉಳಿಯುತ್ತೆ ಅನ್ನೋವರೆಗೆ.”

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಕಾಲಿನ್‌ನ ಹೆಸರು. ಮ್ಯಾಜಿಸ್ಟ್ರೇಟ್ ಒಪ್ಪಿರಬೇಕು, ಈಗ ಬೇಕಾದದ್ದು ನನ್ನ ಒಂದು ಹೌದು. ಗಂಟೆ ನಿಂತಿತು, ಮತ್ತೆ ಶುರುವಾಯಿತು.

“ಮೆರ್,” ಎಂದೆ, “ಒಂದೇ ಒಂದು ಕೇಳ್ತೀನಿ. ಆ ಚಿಲಕ ಹಾಕಿದ್ದಾ, ತೆಗೆದದ್ದಾ?”

ಅವಳು ಕೂರಲಿಲ್ಲ. ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡಳು.

“ನೀನು ಫೋನ್ ಮಾಡ್ದಾಗ ನಾನು ಅತ್ತಿದ್ದು ಜೈಲು ತಪ್ತು ಅಂತಲ್ಲ, ಉನಾ. ಆ ದನಿ ಮುಂಚಿಂದು ಅಂತ ಹೇಳಿದ್ಯಲ್ಲ, ಅದಕ್ಕೆ. ನನ್ ತಲೆ ಕೆಟ್ಟಿದೆ, ನಾನು ಏನೋ ನೆನಪನ್ನ ಹಿಂದೆ ಮುಂದೆ ಮಾಡ್ಕೊಂಡಿದ್ದೀನಿ ಅಂತ ನಂಬೋಕೆ ಒಂದು ದಾರಿ ಸಿಕ್ತು ಅಂತ.”

“ನೀನೂ ಕೇಳಿದ್ಯಾ ಹಾಗಾದ್ರೆ? ಅವತ್ತು?”

“ರೇಡಿಯೋ ಇನ್ನೂ ಕೈಯಲ್ಲೇ ಇತ್ತು. ಕರೆದು ಕರೆದು ಗಂಟಲು ಕಟ್ಟಿತ್ತು. ಗಾಳಿ ಬಾಗಿಲು ಬಡೀತಾ ಇರುತ್ತೆ ಅಂತ ನಾವು ಯಾವಾಗ್ಲೂ ಒಳಗಿಂದ ಚಿಲಕ ಹಾಕ್ಕೋತೀವಿ, ನಿಂಗೊತ್ತಲ್ಲ. ಬಾಗಿಲ ಆಚೆ ಅವನು ಮಾತಾಡ್ದ. ಒದ್ದೆಯಾಗಿದೆ ಅಂದ, ಟೀ ಇಡು ಅಂದ, ಕೆಮ್ಮಿದ. ದಿನಾ ಹೇಳೋ ಥರಾನೇ.”

ಫೋನು ಬಡಿದುಕೊಳ್ಳುತ್ತಲೇ ಇತ್ತು. ಲೀತ್ ಗೋಡೆಗೆ ಒರಗಿದ.

“ನಾನು ಒಂದು ಕ್ಷಣಾನೂ ತಡ ಮಾಡ್ಲಿಲ್ಲ. ಚಿಲಕ ತೆಗೆದೆ,” ಎಂದಳು ಮೆರಿನ್. “ಹೊರಗೆ ಯಾರೂ ಇರ್ಲಿಲ್ಲ, ಉನಾ. ಬಿಸಿಲು ಬಿದ್ದಿತ್ತು. ಹೊಸ್ತಿಲಿಂದ ಡೆಕ್ಕಿನ ತುದಿವರೆಗೂ ಹಲಗೆ ಒಣಗಿತ್ತು. ಒಂದು ಹನಿ ನೀರೂ ಇರ್ಲಿಲ್ಲ.”